ಕಡಲೂರಿನ ಹಿಮನರ್ತಕ

ನಮ್ಮ ಕಡಲ ದಂಡೆಯ ಊರು ಕೇಣಿಯಲ್ಲಿ ಐಸು ಎಂದರೆ ಮೀನಿನದ್ದು. ಗಡ್ಡೆ ಒಡೆದು ಪುಡಿ ಮಾಡಿ, ಬಂಗಡೆ, ತಾರ್ಲೆ ತುಂಬಿದ ಪೆಟ್ಟಿಗೆಗೆ ಸುರಿಯುತ್ತಾರೆ. ಅದು ಕರಗಿ ಹರಿದ ಕಡೆ ಎಲ್ಲರೂ ಕಾಲು ಊರಿ ಊರಿ ನಡೆಯುತ್ತಾರೆ. ಅಂಥ ಐಸಿನ ಮೇಲೆ ಬೇಕೆಂದೇ ಓಡಿ, ಹಾರಿ, ಗಾಳಿಯಲ್ಲೇ ನಾಲ್ಕು ಸುತ್ತು ತಿರುಗಿ ಒಂಟಿಗಾಲಲ್ಲಿ ಇಳಿಯುವವರಿದ್ದಾರೆ ಎಂದರೆ ಇಲ್ಲಿನ ಹಿರಿಯರು ನಂಬಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ಸ್ಕೇಟಿಂಗ್ ಏನಿದ್ದರೂ ಗಾಲಿಯದ್ದು, ಕೈಗಾ ವಸತಿನಗರದ ಮಕ್ಕಳದ್ದು. ಆದರೂ ಜಪಾನಿನ ಫಿಗರ್ ಸ್ಕೇಟರ್ ಯುಜುರು ಹನ್ಯೂ ಅವರ ಬದುಕು ಕಡಲ ದಂಡೆಯವರಿಗೆ ಬೇಗ ಅರ್ಥವಾಗುತ್ತದೆ ಎಂದು ನನಗೆ ಅನಿಸುತ್ತದೆ.

ಹನ್ಯೂ ಹುಟ್ಟಿದ್ದು 1994ರ ಡಿಸೆಂಬರ್ 7ರಂದು, ಈಶಾನ್ಯ ಜಪಾನಿನ ಸೆಂಡೈನಲ್ಲಿ. ಉಬ್ಬಸದ ಮಗು. ಅಕ್ಕನ ಬೆನ್ನು ಹತ್ತಿ ನಾಲ್ಕನೇ ವಯಸ್ಸಿಗೇ ಐಸಿನ ಅಂಗಳವಾದ ರಿಂಕಿಗೆ ಹೋದವರು, 2010ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು. ಮರುವರ್ಷ ಮಾರ್ಚ್ 11ರ ಮಧ್ಯಾಹ್ನ, ಊರಿನ ರಿಂಕಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಭೂಮಿ ನಡುಗಿತು. ಬೂಟು ಬಿಚ್ಚುವಷ್ಟೂ ಪುರುಸೊತ್ತಿರಲಿಲ್ಲ. ಕಾಲಲ್ಲಿದ್ದ ಬ್ಲೇಡಿನ ಸಮೇತ ಹೊರಗೆ ಓಡಿದರು.

ಆ ಬ್ಲೇಡು ಎಂಥದ್ದು ಎಂದು ಹೇಳಬೇಕು. ಅಗಲ ಸುಮಾರು 4 ಮಿಲಿಮೀಟರ್. ತಳ ಸಪಾಟಲ್ಲ, ಉದ್ದಕ್ಕೂ ಸಣ್ಣ ಕಾಲುವೆ ತೋಡಿದಂತಿರುತ್ತದೆ; ಹಾಗಾಗಿ ಒಳಗೊಂದು, ಹೊರಗೊಂದು ಅಂಚು. ಮುಂತುದಿಗೆ ಗರಗಸದಂಥ ಹಲ್ಲು. ಹೆಚ್ಚಿನ ಹೊತ್ತು ದೇಹದ ಭಾರವೆಲ್ಲ ಒಂದೇ ಅಂಚಿನ ಮೇಲೆ. ಬರಿನೆಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೂ ಅಂಚು ಕೆಡುತ್ತದೆಂದು ರಿಂಕಿನಿಂದ ಇಳಿಯುತ್ತಲೇ ಕವಚ ತೊಡಿಸುತ್ತಾರೆ. ಕಣ್ಣಿನಂತೆ ಕಾಪಾಡುವ ಆ ಅಂಚಿನ ಮೇಲೆಯೇ ಅಂದು ಜೀವ ಉಳಿಸಿಕೊಳ್ಳಲು ಓಡಬೇಕಾಯಿತು.

ಮನೆ ಹಾನಿಗೊಂಡಿತ್ತು, ಕುಟುಂಬ ಕೆಲವು ದಿನ ನಿರಾಶ್ರಿತರ ಶಿಬಿರದಲ್ಲಿ ಮಲಗಿತು. ರಿಂಕು ಮುಚ್ಚಿತು. ಭೂಕಂಪದ ಬೆನ್ನಿಗೇ ಬಂದ ಸುನಾಮಿಯಿಂದ ಊರಿಗೆ ಊರೇ ಸಂಕಟದಲ್ಲಿರುವಾಗ ತಾನು ಸ್ಕೇಟ್ ಮಾಡುವುದೇ ಎಂಬ ಅಳುಕು 16ರ ಹುಡುಗನನ್ನು ಕಾಡಿತು. ಅಭ್ಯಾಸಕ್ಕೆ ಜಾಗವಿಲ್ಲದೆ ಊರೂರು ತಿರುಗಿ ಪ್ರದರ್ಶನಗಳಲ್ಲೇ ಅಭ್ಯಾಸ ಮಾಡಿದ. 2012ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು ಬಂತು.

ಆಮೇಲೆ ಟೊರಾಂಟೊಗೆ ಹೋಗಿ ಬ್ರಯಾನ್ ಆರ್ಸರ್ ಬಳಿ ತರಬೇತಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕಿರು ಸುತ್ತಿನಲ್ಲಿ 101.45 ಅಂಕ ಪಡೆದು ಚಿನ್ನ ಗೆದ್ದರು. ಪುರುಷರ ವಿಭಾಗದಲ್ಲಿ ಏಷ್ಯಾಕ್ಕೆ ಅದೇ ಮೊದಲ ಚಿನ್ನ. 2017ರ ನವೆಂಬರ್‌ನಲ್ಲಿ ಬಲಗಾಲಿನ ಹರಡಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಸ್ಪರ್ಧೆಯಿಲ್ಲ. 2018ರ ಫೆಬ್ರುವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ನೇರ ಬಂದು ಮತ್ತೆ ಚಿನ್ನ. ಅಮೆರಿಕದ ಡಿಕ್ ಬಟನ್ 1952ರಲ್ಲಿ ಸತತ ಎರಡನೇ ಚಿನ್ನ ಗೆದ್ದ ಮೇಲೆ 66 ವರ್ಷ ಯಾರಿಗೂ ಅದು ಸಾಧ್ಯವಾಗಿರಲಿಲ್ಲ.

ಆದರೆ ನನಗೆ ಈ ಎರಡು ಚಿನ್ನಕ್ಕಿಂತ 2022ರ ಬೀಜಿಂಗ್ ದೊಡ್ಡದು. ಕಿರು ಸುತ್ತಿನಲ್ಲಿ ಅವರ ಬ್ಲೇಡು ಐಸಿನ ಒಂದು ಗುಳಿಗೆ ಸಿಕ್ಕಿಬಿತ್ತು; ಹಾರಬೇಕಾದ ಜಿಗಿತ ಕೈತಪ್ಪಿ ಎಂಟನೇ ಸ್ಥಾನಕ್ಕೆ ಇಳಿದರು. ಮುಂದಿನ ಸುತ್ತಿನಲ್ಲಿ ಸುಲಭದ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ನಾಲ್ಕು ಸುತ್ತಿನ ಆಕ್ಸೆಲ್‌ಗೆ ಕೈಹಾಕಿದರು. ಆಕ್ಸೆಲ್ ಮುಂದಕ್ಕೆ ಮುಖ ಮಾಡಿ ಹಾರುವ ಜಿಗಿತ, ಇಳಿಯುವುದು ಹಿಮ್ಮುಖವಾಗಿ. ಆದ್ದರಿಂದ ನಾಲ್ಕು ಸುತ್ತಿನ ಆಕ್ಸೆಲ್‌ಗೆ ನಾಲ್ಕೂವರೆ ಸುತ್ತು ಬೇಕು, ಅದೂ ಒಂದು ಸೆಕೆಂಡಿನೊಳಗೆ. ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಯಾರೂ ಅದನ್ನು ಪೂರ್ತಿ ಮಾಡಿರಲಿಲ್ಲ. ಹನ್ಯೂ ಹಾರಿದರು, ಬಿದ್ದರು, ಎದ್ದು ಉಳಿದದ್ದನ್ನು ಆಡಿ ಮುಗಿಸಿ ನಾಲ್ಕನೆಯವರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತರುಣ ಇಲಿಯಾ ಮಲಿನಿನ್ ಆ ಜಿಗಿತವನ್ನು ಸಾಧಿಸಿದ. ಅಷ್ಟರಲ್ಲಿ ಹನ್ಯೂ ಸ್ಪರ್ಧೆಗೆ ವಿದಾಯ ಹೇಳಿ ವೃತ್ತಿ ಪ್ರದರ್ಶನಕ್ಕೆ ಹೊರಳಿದ್ದರು.

ತಮ್ಮ ಪುಸ್ತಕದ ಗೌರವಧನವನ್ನು ಅವರು ಸೆಂಡೈನ ಆ ರಿಂಕಿಗೇ ಕೊಟ್ಟರು. 2023ರಿಂದ ಮಾರ್ಚ್ ಬಂದರೆ ತವರು ಮಿಯಾಗಿ ಪ್ರಾಂತ್ಯದಲ್ಲಿ ಸಂತ್ರಸ್ತರ ನೆನಪಿಗೆ ಪ್ರದರ್ಶನ. ಅದು ನಡೆದದ್ದು ರಿಫು ಪಟ್ಟಣದ ದೊಡ್ಡ ಒಳಾಂಗಣದಲ್ಲಿ. 2011ರಲ್ಲಿ ಕಡಲು ಕೊಂದವರನ್ನು ಮನೆಯವರು ಬಂದು ಗುರುತಿಸಲೆಂದು ಸಾಲಾಗಿ ಮಲಗಿಸಿದ್ದ ಜಾಗ ಅದು. ಅಲ್ಲಿ ಐಸು ಹಾಸಿ, ಬಿಳಿ ಉಡುಪು ತೊಟ್ಟು, ಹಂಸದ ಹಾಗೆ ತೋಳು ಬಿಚ್ಚಿ ಹನ್ಯೂ ಜಾರುತ್ತಾರೆ.