ಪಿಂಗ್ ಹೋಗುತ್ತೆ, ಅರ್ಜಿ ಹೋಗಲ್ಲ!

ತಂಗಿಯ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೆಸರು, ಅಂಕ ಎಲ್ಲ ತುಂಬಿದ್ದಳು. ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡುವಾಗ ಮಾತ್ರ ಚಕ್ರ ಸುತ್ತುತ್ತಲೇ ಇತ್ತು. ಮನೆಯವರ ಕಣ್ಣೆಲ್ಲ ನನ್ನ ಮೇಲೆ. ವಾರದ ಹಿಂದಷ್ಟೇ ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಹಾಕಿ, ಅದನ್ನೇ ಮನೆಯ ರೂಟರ್ ಮಾಡಿದವನು ನಾನೇ. ‘ಸೈಬರ್‌ಗೆ ಹೋಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತಲ್ಲೋ’ ಎಂದರು ಅಪ್ಪ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅರ್ಜಿ ಹೋಯಿತು. ಜೊತೆಗೆ ನನ್ನ ಮಾನವೂ!

ರಾತ್ರಿ ಕುಳಿತು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹಾಳೆಯಲ್ಲಿ ಬರೆದೆ. ಪಿಂಗ್‌ಗೆ ಉತ್ತರ ಬರುತ್ತದೆ. ಪುಟ ತೆರೆಯುತ್ತದೆ. ಲ್ಯಾಪ್‌ಟಾಪ್‌ನಿಂದ ದೊಡ್ಡ ಫೈಲ್ ಕಳುಹಿಸಿದರೆ ನಿಲ್ಲುತ್ತದೆ. ಅದೇ ಫೈಲನ್ನು ರೂಟರ್ ಆಗಿರುವ ಡೆಸ್ಕ್‌ಟಾಪ್‌ನಿಂದಲೇ ಕಳುಹಿಸಿದರೆ ಹೋಗುತ್ತದೆ! ಅಂದರೆ ಲೈನ್ ಸರಿ ಇದೆ. ಚಿಕ್ಕ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ರೂಟರ್ ಬಳಿಯೇ ಕಳೆದುಹೋಗುತ್ತಿದೆ.

ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1500 ಬೈಟ್. ನಮ್ಮ ಮನೆಯದು ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಸಂಪರ್ಕ. ಅದರ ಹೆಡರ್‌ಗೇ 8 ಬೈಟ್ ಬೇಕು. ಉಳಿಯುವುದು 1492. ಖಚಿತಪಡಿಸಿಕೊಳ್ಳಲು ‘ತುಂಡು ಮಾಡಬೇಡ’ ಎಂಬ ಸೂಚನೆಯೊಂದಿಗೆ ಲ್ಯಾಪ್‌ಟಾಪ್‌ನಿಂದ ಪಿಂಗ್ ಕೊಟ್ಟೆ. 1464 ಬೈಟ್‌ಗೆ ಉತ್ತರ ಬಂತು, 1465ಕ್ಕೆ ಮೌನ. 1464ಕ್ಕೆ ಐಸಿಎಂಪಿಯ 8, ಐಪಿಯ 20 ಬೈಟ್ ಹೆಡರ್ ಸೇರಿಸಿ ನೋಡಿ, ಸರಿಯಾಗಿ 1492.

ಆ ಮೌನವೇ ಸುಳಿವು. ಪ್ಯಾಕೆಟ್ ದೊಡ್ಡದಾದರೆ ‘ಇದು ಹಿಡಿಸುವುದಿಲ್ಲ, ಚಿಕ್ಕದು ಕಳುಹಿಸು’ ಎಂದು ರೂಟರ್ ಐಸಿಎಂಪಿ ಸಂದೇಶ ಕೊಡಬೇಕು. ನನ್ನದು ಕೊಡುತ್ತಿರಲಿಲ್ಲ. ಭದ್ರತೆಯ ಹೆಸರಲ್ಲಿ, ರೂಟರ್‌ನಿಂದ ಹೊರಡುವ ಐಸಿಎಂಪಿಯನ್ನೆಲ್ಲ ತಡೆಯುವ ನಿಯಮವನ್ನು ಫೈರ್‌ವಾಲ್‌ನಲ್ಲಿ ಬರೆದಿದ್ದವನೂ ನಾನೇ! ರೈಲ್ವೆ ಅಂಡರ್‌ಪಾಸ್‌ನ ಎತ್ತರದ ಫಲಕ ಕಿತ್ತುಹಾಕಿ, ಲಾರಿ ಯಾಕೆ ಸಿಕ್ಕಿಕೊಂಡಿತು ಎಂದು ಕೇಳಿದಂತಾಯಿತು.

ಆ ನಿಯಮ ತೆಗೆದೆ. ಆದರೆ ನನ್ನಂತೆ ಐಸಿಎಂಪಿ ತಡೆದವರು ಇಂಟರ್ನೆಟ್‌ನ ಆಚೆ ತುದಿಯಲ್ಲೂ ಇರಬಹುದಲ್ಲ? ಅದಕ್ಕೆ ಮದ್ದು ಎಂಎಸ್‌ಎಸ್ ಕ್ಲ್ಯಾಂಪಿಂಗ್. ಟಿಸಿಪಿ ಸಂಪರ್ಕ ಶುರುವಾಗುವಾಗ ಪ್ಯಾಕೆಟ್‌ಗೆ ಎಷ್ಟು ಡೇಟಾ ಸಾಕೆಂದು ಎರಡೂ ಕಡೆಯವರು ಹೇಳಿಕೊಳ್ಳುತ್ತಾರೆ. ಅಲ್ಲಿನ 1460 ಅನ್ನು ರೂಟರ್ 1452ಕ್ಕೆ ಇಳಿಸುತ್ತದೆ. ಆಮೇಲೆ ದೊಡ್ಡ ಪ್ಯಾಕೆಟ್ ಹುಟ್ಟುವುದೇ ಇಲ್ಲ. ಫೈರ್‌ವಾಲ್‌ಗೆ ಒಂದು ಸಾಲು ಸೇರಿಸಿದೆ, ಅಷ್ಟೇ. ಅದೇ ಪ್ರಮಾಣಪತ್ರವನ್ನು ನನ್ನ ಇಮೇಲ್‌ಗೆ ಕಳುಹಿಸಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಲ್ಯಾಬ್ ವೈವಾದಲ್ಲಿ ‘ಎಂಟಿಯು 1500’ ಎಂದು ಥಟ್ಟನೆ ಹೇಳಿ ಅಂಕ ಗಿಟ್ಟಿಸಿದ್ದೆ. ಅದು ಎಲ್ಲಿ 1500 ಅಲ್ಲ ಎಂಬುದನ್ನು ಕಲಿಸಿದ್ದು ತಂಗಿಯ ಅರ್ಜಿ. ಸಂದರ್ಶನದಲ್ಲಿ ಯಾರಾದರೂ ‘ನೆಟ್ ನಿಧಾನ, ಏನು ಮಾಡ್ತೀರಿ?’ ಎಂದು ಕೇಳಿದರೆ, ‘ರೀಸ್ಟಾರ್ಟ್’ ಎನ್ನುವ ಮುನ್ನ ಯಾವುದು ಸರಿ ಇದೆ ಎಂದು ಪಟ್ಟಿ ಮಾಡಿ, ಕೊನೆಯದಾಗಿ ನೀವೇ ಏನು ಬದಲಿಸಿದ್ದಿರಿ ಎಂದು ನೆನಪಿಸಿಕೊಳ್ಳಿ.

ತಂಗಿ ಮಾತ್ರ ಈಗಲೂ ಅರ್ಜಿ ತುಂಬುವ ಮುಂಚೆ ಕೇಳುತ್ತಾಳೆ: ‘ಅಣ್ಣಾ, ಹಾಟ್‌ಸ್ಪಾಟ್ ಆನ್ ಮಾಡ್ಲಾ?’