ಡೌನ್‌ಲೋಡ್ ಸಲೀಸು, ಅಪ್‌ಲೋಡ್ ಏಕೆ ಕುಂಟುತ್ತದೆ?

ಪ್ರಶ್ನೆ: ಮಾನ್ವಿಯ ನಮ್ಮ ಮನೆಗೆ ಹೊಸ ರೂಟರ್ ಹಾಕಿಸಿದ್ದೇವೆ. ಸಿನಿಮಾ ತಡೆಯಿಲ್ಲದೆ ಬರುತ್ತದೆ. ರಾಯಚೂರಿನಲ್ಲಿ ಓದುವ ಮಗಳಿಗೆ ವಿಡಿಯೊ ಕಳಿಸಲು ಹೋದರೆ ಮಾತ್ರ ವೇಗ ಒಮ್ಮೆ ಏರುತ್ತದೆ, ಒಮ್ಮೆ ನಿಂತೇ ಹೋಗುತ್ತದೆ. ಕಾರಣವೇನು?

ಉತ್ತರ: ದೋಷ ಲೈನಿನದೋ ವೈಫೈನದೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ, ಬೆಳಿಗ್ಗೆಯೂ ರಾತ್ರಿಯೂ ವೇಗ ಅಳೆಯಿರಿ. ಆಗಲೂ ಏರುಪೇರಾದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಡಿ. ನಿಮ್ಮದು ಫೈಬರ್ ಸಂಪರ್ಕವಾದರೆ, ಒಂದೇ ಫೈಬರನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಹೀಗೆ ಹಂಚುವ ಜಿಪಾನ್ ತಂತ್ರಜ್ಞಾನದಲ್ಲಿ ಇಳಿಯುವ ದಾರಿ ಸುಮಾರು 2.5 ಗಿಗಾಬಿಟ್ ಇದ್ದರೆ ಏರುವ ದಾರಿ ಅದರರ್ಧ.

ಕೇಬಲ್‌ನಲ್ಲಿ ವೇಗ ಸ್ಥಿರವಾಗಿದ್ದರೆ ತೊಂದರೆ ವೈಫೈನದೇ. ರೂಟರಿನ ದನಿ ದೊಡ್ಡದು, ಬ್ಯಾಟರಿ ಉಳಿಸಬೇಕಾದ ಫೋನಿನದು ಸಣ್ಣದು. ಹಾಗಾಗಿ ನಡುವೆ ಗೋಡೆ ಬಂದಾಗ ಮೊದಲು ಸೊರಗುವುದು ಅಪ್‌ಲೋಡ್. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿ ಕಂಡರೂ ನಂಬಬೇಡಿ. ಅವು ತೋರಿಸುವುದು ರೂಟರಿನಿಂದ ಬರುವ ಬಲವನ್ನು ಮಾತ್ರ. ಮಾನ್ವಿ, ದೇವದುರ್ಗ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯನ್ನು 5 ಗಿಗಾಹರ್ಟ್ಸ್ ಅಲೆ ದಾಟುವುದು ಬಹಳ ಕಷ್ಟ. ರೂಟರನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ನಡುಮನೆಯಲ್ಲಿ ಎತ್ತರಕ್ಕಿಡಿ. ಅದಿರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್, ಗೋಡೆಯಾಚೆ 2.4 ಬಳಸಿ.

ರಾಯಚೂರಿನಂಥ ಊರಿನಲ್ಲಿ ಸುತ್ತಲಿನ ಮನೆಗಳ ರೂಟರುಗಳೂ 2.4ರಲ್ಲೇ ಗದ್ದಲ ಎಬ್ಬಿಸುತ್ತವೆ. ಅಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಬೇಕು.

ಇನ್ನೊಂದು: ಮನೆಯವರ ಫೋನುಗಳಲ್ಲಿ ಫೋಟೊ ಬ್ಯಾಕಪ್ ಸದ್ದಿಲ್ಲದೆ ನಡೆಯುತ್ತಿದ್ದರೂ ಹೀಗೇ ಆಗುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಅಳೆದು ನೋಡಿ.