ಎಂಜಿನು ಬಿಕ್ಕಳಿಸಿದಾಗ

ಮಳೆಗಾಲದ ಸಂಜೆ ಹಿರೇಕೊಡಿಗೆಯಿಂದ ಕೊಪ್ಪದ ಕಡೆಗೆ ಏರುದಾರಿಯಲ್ಲಿ ಬರುತ್ತಿರುವಾಗ ಮೋಟಾರು ಸೈಕಲ್ಲಿನ ಎಂಜಿನು ಬಿಕ್ಕಳಿಸತೊಡಗಿದರೆ, ಸವಾರನ ಎದೆಯೂ ಅದರೊಡನೆ ಒಂದು ಬಡಿತ ತಪ್ಪುತ್ತದೆ. ತಿರುವಿನಲ್ಲಿ ಗಾಡಿ ನಿಂತರೆ ಹಿಂದಿನಿಂದ ಬರುವ ಲಾರಿಯೂ ನಿಲ್ಲಬೇಕೆಂಬ ನಿಯಮವಿಲ್ಲ. ಆದುದರಿಂದ ಈ ರೋಗದ ನಿದಾನವನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳುವುದು ಜಾಣತನ.

ಉದಾಹರಣೆಗೆ ನಮ್ಮ ನಾಡಿನ ಗಾಡಿಯನ್ನೇ ತೆಗೆದುಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961 ರಿಂದ ಜಾವಾ, 1973 ರಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳು ತಯಾರಾಗುತ್ತಿದ್ದವು. 1996 ರಲ್ಲಿ ಆ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಇವುಗಳದು ಎರಡು ಹೊಡೆತದ ಎಂಜಿನು. ಅಂದರೆ ಚಕ್ರದಂಡ ಸುತ್ತಿದ ಪ್ರತಿಯೊಂದು ಸುತ್ತಿಗೂ ಒಮ್ಮೆ ಇಂಧನ ಹೊತ್ತಿಕೊಳ್ಳಬೇಕು. ಹಾಗೆ ಹೊತ್ತಿಕೊಳ್ಳದಿರುವುದೇ 'ಮಿಸ್‌ಫೈರ್'. ಆದರೆ ಆಕ್ಸಿಲರೇಟರ್ ಮುಚ್ಚಿ ಇಳಿಜಾರಿನಲ್ಲಿ ಇಳಿಯುವಾಗ ಒಂದು ಬಿಟ್ಟು ಒಂದು ಸುತ್ತಿಗೆ ಹೊತ್ತುವುದು ಇಂಥ ಎಂಜಿನಿನ ಸ್ವಭಾವ. ಅದನ್ನು ರೋಗವೆಂದು ತಿಳಿಯಬಾರದು.

ಇಂಧನ ಹೊತ್ತಲು ಮೂರು ಬೇಕು: ತಕ್ಕ ಮಿಶ್ರಣ, ತಕ್ಕ ಒತ್ತಡ, ತಕ್ಕ ಕಾಲಕ್ಕೆ ಕಿಡಿ. ಎಂಜಿನು ಸ್ವಿಚ್ಚು ಆರಿಸಿದಂತೆ ತಟ್ಟನೆ ತಪ್ಪಿದರೆ ವಿದ್ಯುತ್ತನ್ನೂ, ಬಾಯಾರಿದಂತೆ ಮೆಲ್ಲಗೆ ಸೊರಗಿದರೆ ಪೆಟ್ರೋಲನ್ನೂ ಮೊದಲು ಶಂಕಿಸಬೇಕು.

ಎಂಜಿನು ತಣ್ಣಗಾದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ವೈದ್ಯನಿಗೆ ರೋಗಿಯ ನಾಲಗೆ ಹೇಗೋ ನಮಗೆ ಪ್ಲಗ್ಗು ಹಾಗೆ. ಕಂದುಬಣ್ಣವಿದ್ದರೆ ಆರೋಗ್ಯ, ಒಣಗಿದ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು, ಇದು ಪಿಸ್ಟನ್ನಿಗೆ ಅಪಾಯ, ಒದ್ದೆಯಾಗಿದ್ದರೆ ಕಿಡಿಯೇ ಬಂದಿಲ್ಲದಿರಬಹುದು. ಬಳಿಕ ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಮಾಡಬೇಕು. ಸುತ್ತಮುತ್ತ ಪೆಟ್ರೋಲಿನ ಆವಿ ಇರಕೂಡದು. ನೀಲಿ ಕಿಡಿ ಚಟಪಟಿಸಿದರೆ ಒಳ್ಳೆಯದು; ಕೆಂಪಗೆ ನಿತ್ರಾಣವಾಗಿದ್ದರೆ ದೋಷವಿದೆ. ಆಗ ಮೊದಲು ಹೊಸ ಪ್ಲಗ್ಗು ಹಾಕಿ ನೋಡಿರಿ.

ಅದರಿಂದಲೂ ಸರಿಹೋಗದಿದ್ದರೆ ಕಾಂಟ್ಯಾಕ್ಟ್ ಪಾಯಿಂಟುಗಳನ್ನು ನೋಡಬೇಕು. ಅವು ಪೂರ್ಣ ತೆರೆದಾಗ ನಡುವಿನ ಅಂತರ ಸುಮಾರು 0.4 ಮಿಲಿಮೀಟರ್ ಇರತಕ್ಕದ್ದು. ಅವುಗಳ ನಡುವೆ ದೊಡ್ಡ ಕಿಡಿ ಹಾರಿ ಮುಖ ಸುಟ್ಟಿದ್ದರೆ ಕಂಡೆನ್ಸರ್ ಕೆಟ್ಟಿರುವುದು ಸಂಭವ. ಬಿಸಿಯಾದಾಗ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಡುವ ಗಾಡಿಯಲ್ಲಿ ಕಾಯಿಲ್ ಅಥವಾ ಕಂಡೆನ್ಸರನ್ನು ಶಂಕಿಸಬೇಕು. ದೀಪ ಹಾಕಿದೊಡನೆ ಬಿಕ್ಕಳಿಕೆ ಹೆಚ್ಚಿದರೆ ಆರು ವೋಲ್ಟಿನ ಬ್ಯಾಟರಿ ಬಡವಾಗಿದೆಯೆಂದು ಅರ್ಥ. ಮಲೆನಾಡಿನ ಮಳೆಯಲ್ಲಿ ಪ್ಲಗ್ಗಿನ ಟೋಪಿಯೊಳಗೆ ನೀರು ಸೇರಿಯೂ ವಿದ್ಯುತ್ತು ಸೋರುತ್ತದೆ. ಕತ್ತಲೆಯಲ್ಲಿ ನೋಡಿದರೆ ಆ ಸೋರಿಕೆ ಕಣ್ಣಿಗೇ ಕಾಣುವುದುಂಟು.

ಕಿಡಿ ಸರಿಯಾಗಿದ್ದರೆ ಪೆಟ್ರೋಲಿನ ದಾರಿ ಹಿಡಿಯೋಣ. ಸ್ವಲ್ಪ ದೂರ ಓಡಿ ನಿಂತ ಗಾಡಿಯ ಟ್ಯಾಂಕಿನ ಮುಚ್ಚಳ ತೆರೆದೊಡನೆ ಎಂಜಿನು ಚೇತರಿಸಿಕೊಂಡರೆ, ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆ. ಇಲ್ಲವಾದರೆ ಜಾಲರಿಯನ್ನೂ ಕಾರ್ಬ್ಯುರೇಟರಿನ ಜೆಟ್ಟನ್ನೂ ಶುಚಿಮಾಡಬೇಕು. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ತೇವವನ್ನು ಹೀರುತ್ತದೆ. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟಿರಬಹುದು. ಅಂಥ ಪೆಟ್ರೋಲನ್ನು ಬಸಿದು ಹೊಸದನ್ನು ತುಂಬುವುದು ಒಳಿತು. ಇವೆಲ್ಲ ಸರಿಯಿದ್ದೂ ರೋಗ ಹೋಗದಿದ್ದರೆ ಎಂಜಿನಿನ ಸೀಲುಗಳನ್ನೂ ಮಸಿ ಕಟ್ಟಿದ ಸೈಲೆನ್ಸರನ್ನೂ ಪರೀಕ್ಷಿಸಲು ಅನುಭವಿ ಮೆಕ್ಯಾನಿಕ್ಕನ ಬಳಿಗೆ ಹೋಗಬೇಕು.

ಕೊನೆಯದಾಗಿ ಒಂದು ಮಾತು. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿ, ಫಲವನ್ನು ಬರೆದಿಟ್ಟುಕೊಳ್ಳಿರಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದವನ ಗಾಡಿ ಓಡೀತು; ಆದರೆ ಏಕೆ ಓಡಿತೆಂಬುದು ಅವನಿಗೆ ತಿಳಿಯದು, ಮೂರು ಬಿಡಿಭಾಗಗಳ ಹಣವೂ ವ್ಯರ್ಥ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಈ ಕ್ರಮ ಅಂಗಳದ ಗಾಡಿಗೂ ಸಲ್ಲುತ್ತದೆ.